ಕೇಳಿ ಪಡೆದ ಅಪ್ಪಣೆ

ಹೆಂಡತಿ ಹೇಳಿದಂತೆ ಕೇಳುವವನು ಎಂಬುದು ನಮ್ಮ ಕಡೆ ಬೈಗುಳ. ನನ್ನ ವಿಷಯದಲ್ಲಿ ಅದು ಬರೀ ನಿಜ.

ಹರಿಹರದ ಲೇಥ್ ವರ್ಕ್‌ಶಾಪಿನಲ್ಲಿ ನನ್ನ ಕೈಕೆಳಗೆ ಜನ ದುಡಿಯುತ್ತಾರೆ. ಡ್ಯೂಟಿ ಮುಗಿಸಿ ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯ ಮನೆಗೆ ಬಂದ ಮೇಲೆ ಅಪ್ಪಣೆ ಹೆಂಡತಿಯದು. ಯಾವ ಅಂಗಿ, ಎಷ್ಟು ಹೊತ್ತು ಫೋನು, ಯಾವಾಗ ಚಹಾ, ಎಲ್ಲ ಅವಳೇ ಹೇಳುತ್ತಾಳೆ. ಹಾಗೆ ಬೇಕೆಂದು ಕೇಳಿದವನು ನಾನೇ. ಮದುವೆಯಾಗಿ ಕೆಲವು ವರ್ಷಗಳ ಮೇಲೆ, "ನೀನು ಹೇಳಿದ್ದನ್ನ ಮಾಡ್ಕಂಡಿರಬೇಕು ಅನ್ನಿಸ್ತೈತೆ" ಎಂದಿದ್ದೆ. ಅವಳು ನಗಲಿಲ್ಲ. ಬಹಳ ದಿನ ಯೋಚಿಸಿ, "ಎಲ್ಲಿ ತನಕ ಅಂತ ಮೊದಲು ಹೇಳ್ರಿ" ಎಂದಳು. ಇಬ್ಬರೂ ಕೂತು ಗೊತ್ತುಮಾಡಿಕೊಂಡೆವು: ನನ್ನ ಕೆಲಸಕ್ಕೆ, ಅವ್ವನ ವಿಷಯಕ್ಕೆ ಅವಳು ಕೈ ಹಾಕುವಂತಿಲ್ಲ. ನಾನು "ಸೇತುವೆ" ಎಂದರೆ ಎಲ್ಲ ಅಲ್ಲಿಗೇ ನಿಲ್ಲಬೇಕು.

ಒಮ್ಮೆ ಸಂಜೆಯೆಲ್ಲ ಮಾತಾಡದೆ ಕೂರಲು ಹೇಳಿದಳು. ಸ್ವಲ್ಪ ಹೊತ್ತಿಗೇ ಉಸಿರು ಕಟ್ಟಿದಂತಾಗಿ "ಸೇತುವೆ" ಎಂದೆ. ಅವಳು ತಕ್ಷಣ ಬಂದು ಪಕ್ಕದಲ್ಲಿ ಕೂತು, "ಏನಾತು?" ಎಂದಳು.

"ಅಪ್ಪ ಊಟಕ್ಕೆ ಕೂತಾಗ ಮನೇಲಿ ಯಾರೂ ಉಸಿರೆತ್ತಂಗಿರಲಿಲ್ಲ. ಅದು ನೆನಪಾತು."

ಆ ಅಪ್ಪಣೆಯನ್ನು ಅವಳು ಮತ್ತೆಂದೂ ಕೊಡಲಿಲ್ಲ.

ಮಲೆಬೆನ್ನೂರಿನ ಹತ್ತಿರ ನಾನು ಹುಟ್ಟಿ ಬೆಳೆದ ಮನೆಯಲ್ಲಿ ಹಾಗೆ ನಿಲ್ಲಿಸುವ ಮಾತೊಂದು ಇರಲೇ ಇಲ್ಲ. ಅಪ್ಪನ ನಂತರ ಅಣ್ಣ. ಓದು ಬಿಡಿಸಿದ್ದು, ಗದ್ದೆಗಿಳಿಸಿದ್ದು, ಕೊನೆಗೆ ವರ್ಕ್‌ಶಾಪಿಗೆ ಸೇರಿಸಿದ್ದು, ಯಾವುದನ್ನೂ ನನ್ನನ್ನು ಕೇಳಿ ಮಾಡಲಿಲ್ಲ.

ಕಳೆದ ವರ್ಷ ಅಣ್ಣನ ಜೊತೆ ಎಲ್ಲರೂ ಉಕ್ಕಡಗಾತ್ರಿಯ ಗುಡಿಗೆ ಹೋಗಿದ್ದೆವು. ದರ್ಶನ ಮುಗಿದ ಮೇಲೆ ಹೊಳೆದಂಡೆಯ ಅಂಗಡಿಯಲ್ಲಿ ಅಣ್ಣ ಚಹಾ ತರಿಸಿದ. ಲೋಟ ಎತ್ತುತ್ತಾ ಹೆಂಡತಿಯ ಕಡೆ ನೋಡಿದೆ. ಬೇಡವೆಂದು ಅವಳು ಸಣ್ಣಗೆ ತಲೆಯಾಡಿಸಿದಳು. ಕೆಳಗಿಟ್ಟೆ. ಅದು ಅಣ್ಣನ ಕಣ್ಣಿಗೆ ಬಿತ್ತು.

"ಚಾ ಕುಡಿಯಾಕೂ ಪರ್ಮಿಷನ್ ಬೇಕೇನೋ? ಗಂಡಸಲ್ಲೇನು ನೀನು? ಕುಡಿ."

ಚಿಕ್ಕಂದಿನಿಂದ ಕೇಳಿದ ದನಿ. ಕೈ ತಾನಾಗಿಯೇ ಲೋಟದತ್ತ ಹೋಯಿತು. ಹಿಂದಕ್ಕೆಳೆದುಕೊಂಡೆ.

"ಕುಡಿಯಲ್ಲಣ್ಣ."

"ಆಕಿ ಬ್ಯಾಡ ಅಂದ್ಲು ಅಂತಾನಾ?"

"ಹೌದು. ಆಕಿಗೆ ಆ ಹಕ್ಕು ನಾನೇ ಕೊಟ್ಟೀನಿ. ನೀನು ಕೇಳದೇ ತಗಂಡಿದ್ದಿ."

ನಲವತ್ತು ದಾಟಿದ ನಾನು ಅವನಿಗೆ ಎದುರಾಡಿದ್ದು ಅದೇ ಮೊದಲು. ಅವನು ಹೆಗಲ ಟವೆಲ್ ಕೊಡವಿ ಎದ್ದು ಹೋದ.

ವಾಪಸು ಬರುವಾಗ ಬಸ್ಸಿನಲ್ಲಿ ಹೆಂಡತಿ ಮೆಲ್ಲಗೆ, "ಬಿಟ್ಟುಬಿಡಣೇನ್ರಿ ಇದನ್ನ?" ಎಂದಳು.

"ನಿನಗೆ ಸಾಕಾಗಿದ್ರೆ ಬಿಡಣ. ಅಣ್ಣನ ಸಲುವಾಗಿ ಬ್ಯಾಡ."

ಅವಳು ನಕ್ಕಳು. "ಹಂಗಾದ್ರೆ ಹರಿಹರ ಬರೋ ತನಕ ಕಣ್ಣು ಮುಚ್ಚಿ ಮಲಗ್ರಿ."

ಮಲಗಿದೆ. ಅಷ್ಟು ಹಗುರವಾದ ನಿದ್ದೆ ಬಂದು ಬಹಳ ಕಾಲವಾಗಿತ್ತು.

ಅಣ್ಣ ಈಗ ನಮ್ಮ ಮನೆಗೆ ಬರುವುದಿಲ್ಲ. ಊರಲ್ಲಿ ನನ್ನ ಬಗ್ಗೆ ಆಡಿಕೊಳ್ಳುತ್ತಾನಂತೆ, ಆಡಿಕೊಳ್ಳಲಿ. ಆ ಮಾತು ಕಿವಿಗೆ ಬಿದ್ದು ಅವ್ವ ಒಂದು ದಿನ ಬಂದಳು. ಅಡುಗೆಮನೆಗೆ ನನ್ನೊಬ್ಬನನ್ನೇ ಕರೆದು, "ನಿನಗೇನಾರ ಹಿಂಸಿ ಐತೇನಪ್ಪ?" ಎಂದಳು.

"ಇಲ್ಲವ್ವ. ನನ್ನ ಕೇಳಿನೇ ಮಾಡ್ತಾಳೆ."

ಅವ್ವ ಮೊರ ಎಳೆದುಕೊಂಡಳು. "ನನ್ನನ್ನ ಯಾರು ಕೇಳಿದ್ರು" ಎಂದು ಅಕ್ಕಿ ಆರಿಸಲು ಕೂತಳು.