ದಾರವಿಲ್ಲದ ತಂತಿ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ಎರಡನೇ ಮಹಡಿಯ ಕಂಪ್ಯೂಟರ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂದೇ ಟ್ಯೂಬ್‌ಲೈಟ್ ಉರಿಯುತ್ತಿದೆ. ಅದರ ಕೆಳಗಿನ ಮೇಜಿನ ಮೇಲೆ, ಪಕ್ಕದ ತಗಡು ಕಳಚಿಟ್ಟ ಕಪ್ಪು ಪೆಟ್ಟಿಗೆಯೊಂದಿದೆ. ಅದರ ಹಿಂಬದಿಯ ಸ್ವಿಚ್ಚಿಗೆ ಅಂಟಿಸಿದ್ದ ಚೀಟಿಯನ್ನು ಈಗ ತಾನೇ ಕಿತ್ತ ಹೆಂಗಸು ಸ್ವಿಚ್ಚಿನ ಮೇಲೆ ಬೆರಳಿಡುತ್ತಾರೆ. ಒತ್ತುವುದಿಲ್ಲ. ಕಣ್ಣು ಪೆಟ್ಟಿಗೆಯ ತಳದಲ್ಲಿ ನೆಟ್ಟಿದೆ.

“ಇದಕ್ಕೆ ದಾರ ಇಲ್ಲ,” ಅನ್ನುತ್ತಾರೆ, ತಮಗೇ ಹೇಳಿಕೊಂಡಂತೆ.

ಮಲಗಿದ ಮಗುವಿನ ತಲೆಯಡಿಯಿಂದ ಕೈ ಬಿಡಿಸಿಕೊಳ್ಳುವ ಹಾಗೆ ಬೆರಳು ಮೆಲ್ಲಗೆ ಹಿಂದೆ ಬರುತ್ತದೆ. ಗೋಡೆಯ ಪ್ಲಗ್ ಕೀಳುತ್ತಾರೆ. ಟಾರ್ಚ್ ಹಿಡಿದು ಒಂದೊಂದೇ ತಂತಿಯನ್ನು ನೋಡುತ್ತಾರೆ. ಪೆಟ್ಟಿಗೆಯೊಳಗಿನ ಪ್ರತಿ ತಂತಿಯ ಕುತ್ತಿಗೆಗೂ ಹಸಿರು ಹೊಲಿಗೆ ದಾರದ ಒಂದು ಗಂಟಿದೆ. ತಳದಲ್ಲಿರುವ ಎರಡು ಹಳೆಯ ಹಾರ್ಡ್ ಡಿಸ್ಕ್‌ಗಳಿಗೆ ಹೋಗಿರುವ ತಂತಿಗೆ ಮಾತ್ರ ಇಲ್ಲ. ನಿನ್ನೆ ಸಂಜೆ ಅವರು ಮನೆಗೆ ಹೊರಟಾಗ ಆ ಡಿಸ್ಕ್‌ಗಳಿಗೆ ಯಾವ ತಂತಿಯೂ ಇರಲಿಲ್ಲ.

ಈ ಬೀದಿಯಲ್ಲಿ ಎಲ್ಲರೂ ಅವರನ್ನು ಸ್ಕ್ರೂ ಅತ್ತೆ ಎನ್ನುತ್ತಾರೆ. ಅಂಗಡಿ ಮಾಲೀಕರ ಮಗಳು ಮೂರು ವರ್ಷದವಳಿದ್ದಾಗ ಇಟ್ಟ ಹೆಸರು ಅದು. ಆಕೆ ಈಗ ಕಾಲೇಜಿಗೆ ಹೋಗುತ್ತಾಳೆ, ಹೆಸರು ಇಲ್ಲೇ ಉಳಿದಿದೆ. “ಬೇರೆಯವರಿಗೆಲ್ಲ ಒಂದು ಸ್ಕ್ರೂ ಲೂಸು. ನನ್ನ ಹತ್ರ ಒಂದು ಡಬ್ಬಿ ಜಾಸ್ತಿನೇ ಇದೆ,” ಎಂದು, ಪತ್ರಿಕೆಗೆ ಬರೆಯಲು ಬಂದವರೆದುರು ಅವರೇ ನಗುತ್ತಾರೆ. ಐವತ್ತೆರಡು ವರ್ಷ. ಅದರಲ್ಲಿ ಹನ್ನೊಂದು ವರ್ಷ ಬಟ್ಟೆ ಕಾರ್ಖಾನೆಯಲ್ಲಿ ಅಂಗಿಯ ಕಾಲರ್ ಹೊಲಿದವರು. ಕಾರ್ಖಾನೆ ಮುಚ್ಚಿದಾಗ ಇಲ್ಲಿ ಕಸ ಗುಡಿಸಲು ಸೇರಿಕೊಂಡರು. ನೆಲಕ್ಕೆ ಬಿದ್ದ ಸ್ಕ್ರೂಗಳನ್ನು ಅಳತೆವಾರು ಬೇರೆ ಮಾಡಿ ಇಡುತ್ತಿದ್ದುದನ್ನು ನೋಡಿ ಮಾಲೀಕರು ಮೇಜಿಗೆ ಕರೆದರು. ಹದಿನಾರು ವರ್ಷದಿಂದ, ಈ ಅಂಗಡಿಯಿಂದ ಹೊರಡುವ ದೊಡ್ಡ ಯಂತ್ರಗಳ ಭಾಗಗಳನ್ನೆಲ್ಲ ಆರಿಸಿ ಜೋಡಿಸುವವರು ಇವರೇ. ದಿನಕ್ಕೆ ಮೂರು ಸಾಧಾರಣ ಯಂತ್ರ, ಇಲ್ಲವೇ ಇಂಥ ಒಂದು. ಮುಂದಿನ ಕೋಣೆಯ ಗಾಜಿನ ಬೀರುವಿನಲ್ಲಿ ಬಣ್ಣದ ದೀಪ ಮಿನುಗಿಸುವ ಯಂತ್ರಗಳನ್ನು ಮೆಚ್ಚುವವರು, ಹಿಂದಿನ ಕೋಣೆಗೆ ಬಾಗಿಲಿರುವುದನ್ನೇ ಗಮನಿಸುವುದಿಲ್ಲ.

ಮೇಜಿನ ಮೇಲಿರುವ ಯಂತ್ರ ಸಾಕ್ಷ್ಯಚಿತ್ರ ಮಾಡುವ ಹುಡುಗಿಯೊಬ್ಬಳದು. ಹಗಲು ಅವಳು ಅದರಲ್ಲಿ ಚಿತ್ರ ಕತ್ತರಿಸಿ ಜೋಡಿಸುತ್ತಾಳೆ. ಭಾನುವಾರ ಬೇರೆ ಊರಿನಲ್ಲಿರುವ ತಂಗಿಯ ಜೊತೆ ಎರಡು ಗಂಟೆ ಆಟ ಆಡುತ್ತಾಳೆ. ತಿಂಗಳ ಹಿಂದೆ ಅವಳು ಇಂಟರ್‌ನೆಟ್ಟಿನಿಂದ ಒಂದು ಪಟ್ಟಿ ಇಳಿಸಿಕೊಂಡು ಬಂದಿದ್ದಳು. ಅತ್ತೆ ಪಟ್ಟಿ ನೋಡಲಿಲ್ಲ. ಎಲ್ಲರನ್ನೂ ಕೇಳುವ ಪ್ರಶ್ನೆಯನ್ನೇ ಅವಳನ್ನೂ ಕೇಳಿದರು: “ಈಗಿರೋ ಕಂಪ್ಯೂಟರಲ್ಲಿ ನೀನು ಎಲ್ಲಿ ಕಾಯ್ತೀಯಾ?”

“ಅಂದ್ರೆ?”

“ಕೈ ಕಟ್ಕೊಂಡು ಸುಮ್ನೆ ಕೂರೋದು ಯಾವಾಗ? ಅದು ಹೇಳು. ಉಳಿದದ್ದು ನನಗೆ ಬಿಡು. ಅಳತೆ ತಗೊಳ್ದೆ ಕತ್ತರಿ ಹಾಕ್ತಾರಾ ಯಾರಾದ್ರೂ?”

ಚಿತ್ರದ ತುಣುಕುಗಳನ್ನು ಹಿಂದೆ ಮುಂದೆ ಸರಿಸುವಾಗ ಕಾಯುತ್ತೇನೆ ಎಂದಳು ಹುಡುಗಿ. ಬಣ್ಣ ತಿದ್ದುವಾಗ ಕಾಯುತ್ತೇನೆ. ಆಟದಲ್ಲಿ ಚಿತ್ರ ತೊದಲಿದರೆ ತಂಗಿ ಬೈಯುತ್ತಾಳೆ. ಅತ್ತೆ ಬರೆದುಕೊಂಡರು. ಪಟ್ಟಿಯಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಗ್ರಾಫಿಕ್ಸ್ ಕಾರ್ಡನ್ನು ಒಂದು ಮೆಟ್ಟಿಲು ಇಳಿಸಿದರು. ಅದು ಅವಳು ಮೆಚ್ಚಿದ ಪೆಟ್ಟಿಗೆಯಲ್ಲಿ ಹಿಡಿಸುತ್ತಲೂ ಇರಲಿಲ್ಲ. ಟೈಲರ್ ಟೇಪು ತೆಗೆದು ಅಳೆದು ತೋರಿಸಿದರು, ಬೆರಳಗಲ ಉದ್ದ. ಮೆಮೊರಿಯನ್ನು ಎರಡರಷ್ಟು ಮಾಡಿದರು. ಗಾಜಿನ ಮುಖದ ಪೆಟ್ಟಿಗೆ ಬಿಟ್ಟು ಗಾಳಿಯಾಡುವ ಜಾಲರಿಯದು. ಚಿತ್ರದ ಕೆಲಸಕ್ಕೆಂದೇ ಬೇರೆಯಾದ, ವೇಗದ ಒಂದು ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆಯಿಲ್ಲದ ಡಿಸ್ಕ್. ಕೊನೆಗೆ ಪವರ್ ಸಪ್ಲೈ, ಅಂದರೆ ಗೋಡೆಯ ಕರೆಂಟನ್ನು ಪಡೆದು ಉಳಿದ ಭಾಗಗಳಿಗೆಲ್ಲ ಹಂಚುವ ಡಬ್ಬಿ. ಹುಡುಗಿಯ ಪಟ್ಟಿಯಲ್ಲಿ ಅತಿ ಕಡಿಮೆ ಬೆಲೆಯದು ಅದೇ ಇತ್ತು.

“ಎಲ್ರೂ ಉಳಿಸೋಕೆ ಹೋಗೋದು ಅಲ್ಲೇ,” ಅನ್ನುತ್ತಾರೆ ಅತ್ತೆ. “ಕಣ್ಣಿಗೆ ಕಾಣಲ್ಲ, ಹೊಳೆಯಲ್ಲ, ಹೇಳ್ಕೊಳ್ಳೋಕೆ ಏನೂ ಇಲ್ಲ. ಆದ್ರೆ ಎಲ್ರಿಗೂ ಬಡಿಸೋ ಕೈ ಅದು. ಅದು ಸರಿ ಇಲ್ದಿದ್ರೆ ಪಂಕ್ತೀಲಿ ಯಾರೂ ಉಣ್ಣಲ್ಲ.”

ಅಪಾಯ ಇರುವುದೂ ಅಲ್ಲೇ. ಪವರ್ ಸಪ್ಲೈನ ತಂತಿಗಳನ್ನು ಬೇಕೆಂದಾಗ ಕಳಚಿ ಸಿಕ್ಕಿಸಬಹುದು. ಒಂದು ಕಂಪನಿಯ ತಂತಿ ಇನ್ನೊಂದು ಕಂಪನಿಯ ಡಬ್ಬಿಯ ತೂತಿಗೆ ಸಲೀಸಾಗಿ ಕೂರುತ್ತದೆ, ಆದರೆ ಒಳಗೆ ತಂತಿಗಳ ಜೋಡಣೆಯ ಕ್ರಮ ಬೇರೆ. ಐದು ವೋಲ್ಟ್ ಹೋಗಬೇಕಾದ ಕಡೆ ಹನ್ನೆರಡು ನುಗ್ಗುತ್ತದೆ. “ನೋಡೋಕೆ ಅವಳಿ ಜವಳಿ. ಸ್ವಭಾವ ಹಾವು ಮುಂಗುಸಿ,” ಅನ್ನುತ್ತಾರೆ. ಅದಕ್ಕೇ ಹೊಸ ಡಬ್ಬಿ ಬಿಚ್ಚಿದ ಕೂಡಲೇ ಅದರ ಎಲ್ಲ ತಂತಿಗಳಿಗೂ ಒಂದೇ ಬಣ್ಣದ ದಾರ ಕಟ್ಟುವ ಅಭ್ಯಾಸ. ಕಾರ್ಖಾನೆಯಿಂದ ತಂದ ಹನ್ನೊಂದು ಬಣ್ಣದ ಉಂಡೆಗಳು ಮೇಜಿನ ಅರೆಯಲ್ಲಿವೆ.

ಅತ್ತೆ ಈಗ ಕಿತ್ತ ಚೀಟಿಯನ್ನು ಬೆಳಕಿಗೆ ಹಿಡಿಯುತ್ತಾರೆ. “ಅತ್ತೆ ಬಾರದೆ ಒತ್ತಬಾರದು” ಎಂದು ಬರೆದಿದೆ. ಅದರ ಮೇಲೆ ಟೇಪು ಎರಡು ಪದರವಿದೆ. ಅವರು ಅಂಟಿಸಿದ್ದು ಒಂದು.

ಮಾಲೀಕರಿಗೆ ಫೋನ್ ಮಾಡುತ್ತಾರೆ. ಮೂರನೇ ಸಲಕ್ಕೆ ನಿದ್ದೆಯ ದನಿ ಸಿಗುತ್ತದೆ.

“ರಾತ್ರಿ ಡಿಸ್ಕ್‌ಗೆ ತಂತಿ ಹಾಕಿದ್ರಾ?”

“ಹೂಂ ಅಕ್ಕ. ನಿಮಗೆ ಬೆಳಿಗ್ಗೆ ಅರ್ಜೆಂಟಾಗುತ್ತಲ್ಲ, ಒಂದು ಕೆಲಸ ಕಮ್ಮಿಯಾಗ್ಲಿ ಅಂತ.”

“ಎಲ್ಲಿಂದ ತಗೊಂಡ್ರಿ?”

“ಆ ಬಿಸ್ಕತ್ ಡಬ್ಬಿಯಿಂದ. ಹಳೇ ತಂತಿ ಎಷ್ಟೊಂದಿವೆ. ಸರಿಯಾಗೇ ಕೂತ್ಕೊಂತು.”

“ಸ್ವಿಚ್ ಹಾಕಿದ್ರಾ?”

ಆ ಕಡೆ ಮಂಚ ಕಿರುಗುಟ್ಟುತ್ತದೆ.

“ಒಂದೇ ಒಂದ್ಸಲ. ಟಿಕ್ ಅಂದು ನಿಂತೋಯ್ತು. ನೀವು ಆರಿಸಿದ ಪವರ್ ಸಪ್ಲೈನೇ ಸರಿ ಇಲ್ಲ ಅನ್ಕೊಂಡೆ.”

ಅತ್ತೆ ಫೋನ್ ಕೆಳಗಿಡುತ್ತಾರೆ. ಹುಡುಗಿ ತನ್ನ ಹಳೆಯ ಕಂಪ್ಯೂಟರಿನಿಂದ ತಂದುಕೊಟ್ಟ ಆ ಎರಡು ಡಿಸ್ಕ್‌ಗಳಲ್ಲಿ ಹದಿನಾಲ್ಕು ತಿಂಗಳು ಚಿತ್ರಿಸಿದ ಒಂದು ನದಿಯಿದೆ, ಜನರನ್ನು ದಾಟಿಸುವ ದೋಣಿಯವರಿದ್ದಾರೆ. ಈಗ ಅಲ್ಲಿ ಸೇತುವೆ ಆಗಿದೆ. ಕಾಪಿ ಇದೆಯಾ ಎಂದು ಕೇಳಿದ್ದಕ್ಕೆ ಇದೆ ಎಂದಿದ್ದಳು ಹುಡುಗಿ. ಎಲ್ಲರೂ ಇದೆ ಎಂದೇ ಹೇಳುತ್ತಾರೆ. ಹತ್ತು ಗಂಟೆಗೆ ಅವಳು ಬರುತ್ತಾಳೆ.

ಇದೇ ತಪ್ಪನ್ನು ಅತ್ತೆ ಒಂಬತ್ತು ವರ್ಷದ ಹಿಂದೆ ತಾವೇ ಮಾಡಿದ್ದಾರೆ. ಇದೇ ಮೇಜು, ಅದೇ ಬಿಸ್ಕತ್ ಡಬ್ಬಿ. ಅವತ್ತಿನ ಡಿಸ್ಕ್ ಒಬ್ಬ ಫೋಟೊಗ್ರಾಫರದು, ನಾಲ್ಕು ವರ್ಷದ ಕೆಲಸ. “ಬೈದಿದ್ರೆ ಚೆನ್ನಾಗಿರ್ತಿತ್ತು. ಅವರು ಬೈಲಿಲ್ಲ. ಡಿಸ್ಕನ್ನ ಕರ್ಚೀಫಲ್ಲಿ ಸುತ್ಕೊಂಡು, ಬರ್ತೀನಮ್ಮ ಅಂದು ಹೋದ್ರು. ಆ ‘ಬರ್ತೀನಮ್ಮ’ ಇನ್ನೂ ಕಿವೀಲಿದೆ.” ದಾರ ಕಟ್ಟಲು ಶುರು ಮಾಡಿದ್ದು ಅದರ ಮಾರನೆಯ ದಿನ.

ಆರೂಕಾಲು. ಡಿಸ್ಕ್‌ಗಳನ್ನು ಹೊರತೆಗೆದು, ಮಡಿಸಿದ ಬಟ್ಟೆಯ ಮೇಲೆ ಮಗುಚಿ ಮಲಗಿಸುತ್ತಾರೆ. ಪ್ಲಗ್ ಸೇರುವ ಜಾಗದ ಪಕ್ಕದಲ್ಲೇ ಅಕ್ಕಿಕಾಳಿನಷ್ಟು ಕಪ್ಪು ತುಣುಕೊಂದಿದೆ. ಡಯೋಡ್. “ಇದು ಬಾಗಿಲಲ್ಲಿ ಕೂತಿರೋ ಅಜ್ಜಿ ಥರ. ಲೆಕ್ಕಕ್ಕಿಂತ ಜಾಸ್ತಿ ಕರೆಂಟ್ ಬಂದ್ರೆ, ನನ್ನ ದಾಟಿ ಒಳಗೆ ಹೋಗು ನೋಡೋಣ ಅಂತಾಳೆ. ತಾನು ಸತ್ತು ಮನೆ ಉಳಿಸ್ತಾಳೆ.” ಮೀಟರಿನ ಎರಡು ಮೊನೆಗಳನ್ನು ಅದರ ಎರಡು ತುದಿಗೆ ತಾಗಿಸುತ್ತಾರೆ. ಮೀಟರ್ ಕೂಗುತ್ತದೆ. ಅಜ್ಜಿ ಹೋಗಿದ್ದಾಳೆ. ಎರಡನೆಯದರಲ್ಲೂ ಹಾಗೇ.

ಮನೆ ಉಳಿದಿದೆಯೋ ಇಲ್ಲವೋ ತಿಳಿಯಬೇಕಾದರೆ ಸತ್ತ ತುಣುಕನ್ನು ತೆಗೆದು, ಸರಿಯಾದ ತಂತಿಯಿಂದ ಕರೆಂಟ್ ಕೊಟ್ಟು ನೋಡಬೇಕು. ಕಾವಲಿಲ್ಲದ ಮನೆ, ಇನ್ನೊಂದು ತಪ್ಪಿಗೆ ಜಾಗವಿಲ್ಲ. ಬೆಸುಗೆ ಕಡ್ಡಿ ಕಾಯುವವರೆಗೆ ಅತ್ತೆ ಎರಡೂ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂರುತ್ತಾರೆ. ಕಾಲರ್ ಹೊಲಿದ ಬೆರಳುಗಳು. ಉಗುರಿನ ಸುತ್ತ ಹಳೆಯ ಸೂಜಿಯ ಗುರುತುಗಳಿವೆ.

ಎರಡನೇ ಡಿಸ್ಕ್ ಮೊದಲು. ತುಣುಕು ಬಿಡಿಸಿ, ಹಸಿರು ದಾರದ ತಂತಿ ಸಿಕ್ಕಿಸಿ, ಸ್ವಿಚ್ ಹಾಕುತ್ತಾರೆ. ಏನೂ ಇಲ್ಲ. ಕಿವಿ ಹತ್ತಿರ ಹಿಡಿಯುತ್ತಾರೆ. ಏನೂ ಇಲ್ಲ. ಡಿಸ್ಕಿನ ಸರ್ಕ್ಯೂಟ್ ಹಲಗೆಯ ಮೂಲೆಯಲ್ಲಿ ಒಂದು ಕಂದು ಕಲೆ, ಸುಟ್ಟ ವಾಸನೆ. ಅದನ್ನು ಪಕ್ಕಕ್ಕಿಡುತ್ತಾರೆ.

ಮೊದಲನೆಯದಕ್ಕೆ ಕೈ ಹಾಕುವ ಮುಂಚೆ ಹಸಿರು ಗಂಟನ್ನು ಇನ್ನೊಮ್ಮೆ ಮುಟ್ಟಿ ನೋಡುತ್ತಾರೆ. ಸ್ವಿಚ್. ಒಂದು ಕ್ಷಣ ಮೌನ. ಆಮೇಲೆ ದೂರದಲ್ಲಿ ಯಾರೋ ಮಿಕ್ಸಿ ಹಾಕಿದಂತೆ ಸಣ್ಣ ಸದ್ದೊಂದು ಏಳುತ್ತದೆ, ಏರುತ್ತದೆ, ಸಮವಾಗುತ್ತದೆ. ಡಿಸ್ಕ್ ತಿರುಗುತ್ತಿದೆ. ಅತ್ತೆ ನಗುವುದಿಲ್ಲ. ಅದರಲ್ಲಿರುವುದನ್ನೆಲ್ಲ ಹೊಸ ಎಸ್‌ಎಸ್‌ಡಿಗೆ ನಕಲು ಮಾಡಲು ಹಚ್ಚುತ್ತಾರೆ. ಪರದೆಯ ಮೇಲೆ ಬರುತ್ತದೆ: ಉಳಿದಿರುವ ಸಮಯ ಐದು ಗಂಟೆ.

ಎಂಟಕ್ಕೆ ಗಂಡನ ಫೋನ್. ಅವರು ಬಸ್ ಡಿಪೊದಲ್ಲಿ ಮೆಕ್ಯಾನಿಕ್. ಹೆಂಡತಿಯ ಊಟದ ಡಬ್ಬಿ ಕಟ್ಟುವವರು ಅವರೇ.

“ತಿಂದ್ಯಾ?”

“ತಿಂದೆ.”

ಡಬ್ಬಿ ಮುಚ್ಚಿಯೇ ಇದೆ. “ಇದೊಂದು ಸುಳ್ಳು ದಿನಾ ಹೇಳ್ತೀನಿ. ಇನ್ನು ಬೇರೇದಕ್ಕೆ ಜಾಗ ಇಲ್ಲ,” ಅನ್ನುತ್ತಾರೆ ಅತ್ತೆ.

ಒಂಬತ್ತೂವರೆಗೆ ಬಂದ ಮಾಲೀಕರು ಪರದೆ ನೋಡಿ ನಿಟ್ಟುಸಿರು ಬಿಡುತ್ತಾರೆ. ಕೆಟ್ಟ ಮನುಷ್ಯರಲ್ಲ. ಹೆದರಿದ್ದಾರೆ.

“ಒಂದು ಓಡ್ತಿದೆಯಲ್ಲ ಅಕ್ಕ. ಇನ್ನೊಂದು ಹಳೇದಾಗಿತ್ತು, ತಾನಾಗೇ ಹೋಯ್ತು ಅನ್ನೋಣ. ಸುಮ್ನೆ ಯಾಕೆ ಆ ಹುಡುಗೀನ ಗಾಬರಿ ಮಾಡೋದು?”

“ನೀವು ಚೀಟಿಗೆ ಮತ್ತೆ ಟೇಪು ಹಚ್ಚಿದ್ರಲ್ಲ, ಹಾಗೇನಾ?”

ಮಾಲೀಕರು ಸ್ಟೂಲೊಂದನ್ನು ಮೇಜಿನ ಪಕ್ಕಕ್ಕೆ ಎಳೆದಿಡುತ್ತಾರೆ.

ಹತ್ತಕ್ಕೆ ಸರಿಯಾಗಿ ಹುಡುಗಿ ಬರುತ್ತಾಳೆ, ಮೆಟ್ಟಿಲು ಹತ್ತಿದ ಏದುಸಿರಿನಲ್ಲೇ ನಗುತ್ತ. ಅತ್ತೆ ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ದಾರವಿಲ್ಲದ ತಂತಿಯನ್ನು ಅವಳ ಕೈಗೇ ಕೊಟ್ಟು, ನಡೆದದ್ದನ್ನು ಮೊದಲಿನಿಂದ ಹೇಳುತ್ತಾರೆ. ಯಾರು ಒತ್ತಿದ್ದು ಎಂಬುದನ್ನು ಹೇಳುವಾಗ ಮಾಲೀಕರ ಕಡೆ ನೋಡುವುದಿಲ್ಲ. “ನಮ್ಮ ಮೇಜಲ್ಲಿ ಆದ ತಪ್ಪು,” ಅನ್ನುತ್ತಾರೆ.

“ಕಾಪಿ ಇದೆ ಅಂದಿದ್ದೆಯಲ್ಲಮ್ಮ?”

“ಇದೆ ಅತ್ತೆ. ಇತ್ತು.” ಹುಡುಗಿ ಪಕ್ಕಕ್ಕಿಟ್ಟ ಡಿಸ್ಕನ್ನು ತೋರಿಸುತ್ತಾಳೆ. “ಅದೇ ಕಾಪಿ.”

ಆಮೇಲೆ ಎದುರು ನಿಂತ ಮಾಲೀಕರನ್ನು ನೋಡಿ ಮೆಲ್ಲಗೆ ಹೇಳುತ್ತಾಳೆ: “ಅಲ್ಲೀಗ ದೋಣಿನೇ ಇಲ್ಲ ಸಾರ್. ಇನ್ನೊಂದ್ಸಲ ದಾಟ್ಸಿ ಅಂತ ನಾನು ಯಾರನ್ನ ಹೋಗಿ ಕೇಳ್ಲಿ?”

ಮೂವರೂ ಪರದೆಯ ಮುಂದೆ ಕೂರುತ್ತಾರೆ. ಶೇಕಡಾ ನಲವತ್ತು. ಐವತ್ತೈದು. ಉಕ್ಕಲು ಹೊರಟ ಹಾಲನ್ನು ಕಾಯುವವರಂತೆ ಯಾರೂ ಕಣ್ಣು ಕೀಳುವುದಿಲ್ಲ. ಎಪ್ಪತ್ತೊಂದಕ್ಕೆ ಅಂಕಿ ನಿಲ್ಲುತ್ತದೆ. ಡಿಸ್ಕ್ ಒಳಗಿಂದ ಕಟಕ್, ಕಟಕ್ ಎಂಬ ಸದ್ದು. ಮಾಲೀಕರು ಏಳುತ್ತಾರೆ. ಅತ್ತೆ ಕೈ ಅಡ್ಡ ಹಿಡಿಯುತ್ತಾರೆ: “ಯಾರೂ ಮುಟ್ಬೇಡಿ. ಅದು ಹುಡುಕ್ತಿದೆ. ಹುಡುಕ್ಲಿ.” ಒಂದು ನಿಮಿಷ. ಎರಡು. ಹುಡುಗಿಯ ಕೈಯಲ್ಲಿದ್ದ ತಂತಿ ಸುರುಳಿ ಸುತ್ತಿ ಸುತ್ತಿ ಬಿಗಿಯಾಗಿದೆ.

“ಎಲ್ಲಿ ಕಾಯ್ತೀಯಾ ಅಂತ ಕೇಳಿದ್ರಿ ಅವತ್ತು,” ಅನ್ನುತ್ತಾಳೆ. “ಈ ಜಾಗ ಹೇಳೋಕೆ ಮರ್ತಿದ್ದೆ.”

ನಾಲ್ಕನೇ ನಿಮಿಷಕ್ಕೆ ಅಂಕಿ ಎಪ್ಪತ್ತೆರಡಾಗುತ್ತದೆ.

ಮುಗಿದಾಗ ಹನ್ನೆರಡೂವರೆ. ಹುಡುಗಿ ಯಾವುದೋ ಒಂದು ತುಣುಕನ್ನು ತೆರೆಯುತ್ತಾಳೆ. ಮಂಜಿನ ನೀರು, ಅದರ ಮೇಲೊಂದು ದೋಣಿ. ಮುದುಕನೊಬ್ಬ ಹುಟ್ಟು ಎತ್ತಿ ಕ್ಯಾಮೆರಾ ಕಡೆ ತಿರುಗಿ, “ಬೇಗ ಹತ್ತಮ್ಮ, ಹೊತ್ತಾಯ್ತು,” ಅನ್ನುತ್ತಾನೆ. ಅವಳು ಅದನ್ನೇ ಮೂರು ಸಲ ಹಾಕುತ್ತಾಳೆ. ಒಮ್ಮೆಯೂ ಚಿತ್ರ ತೊದಲುವುದಿಲ್ಲ.

“ನಿನ್ನ ಪಟ್ಟೀಲಿದ್ದ ಆ ಅಗ್ಗದ ಪವರ್ ಸಪ್ಲೈ ಹಾಕಿದ್ರೆ ತಪ್ಪು ಗೊತ್ತಾಗಿ ಟಿಕ್ ಅಂದು ಕರೆಂಟ್ ನಿಲ್ಲಿಸ್ತಿತ್ತೋ ಇಲ್ವೋ ಗೊತ್ತಿಲ್ಲ,” ಅನ್ನುತ್ತಾರೆ ಅತ್ತೆ. ಆ ಒಂದು ಮಾತಿನಲ್ಲಷ್ಟೇ ಸಣ್ಣದೊಂದು ಹೆಮ್ಮೆ ಕೇಳಿಸುತ್ತದೆ. ಮಾಲೀಕರು ಬಿಸ್ಕತ್ ಡಬ್ಬಿಯನ್ನು ಕಂಕುಳಲ್ಲಿ ಇರುಕಿಕೊಂಡು ಮೆಟ್ಟಿಲಿಳಿದು ಹೋಗುತ್ತಾರೆ, ಖಾಲಿ ಕೈಯಲ್ಲಿ ಮರಳುತ್ತಾರೆ. ಇನ್ನೊಂದು ಡಿಸ್ಕ್ ತಂದುಕೊಡುತ್ತೇನೆ, ಅದರಲ್ಲೂ ಒಂದು ಕಾಪಿ ಇಟ್ಟುಕೊಳ್ಳಿ ಎಂದು ಹುಡುಗಿಗೆ ಹೇಳುತ್ತಾರೆ.

ಅವಳು ಹೋದ ಮೇಲೆ ಅತ್ತೆ ಊಟದ ಡಬ್ಬಿ ಬಿಚ್ಚುತ್ತಾರೆ. ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಮೊದಲು ಇಲ್ಲ ಎಂದು ತಲೆಯಾಡಿಸುತ್ತಾರೆ. ಆಮೇಲೆ ತುತ್ತು ಹಿಡಿದ ಕೈ ನಿಲ್ಲುತ್ತದೆ.

“ಒಂಬತ್ತು ವರ್ಷದ ಹಿಂದೆ ನನಗೆ ಈ ಡಯೋಡಿನ ವಿಷ್ಯ ಗೊತ್ತಿರ್ಲಿಲ್ಲ. ಡಿಸ್ಕ್ ಸತ್ತೋಯ್ತು ಅಂತಾನೇ ಹೇಳ್ಬಿಟ್ಟೆ ಅವರಿಗೆ. ಕಲಿತ್ಮೇಲೆ ಫೋನ್ ಮಾಡ್ದೆ, ಆ ನಂಬರಿಗೆ ಬೇರೆ ಯಾರೋ ಸಿಕ್ಕಿದ್ರು. ನಿಮ್ಮ ಪೇಪರ್ ತುಂಬಾ ಜನ ಓದ್ತಾರಲ್ಲ. ನನ್ನ ಬಗ್ಗೆ ಏನೂ ಬರೀದಿದ್ರೂ ಪರವಾಗಿಲ್ಲ, ಇದೊಂದು ಬರೀರಿ. ಆ ಫೋಟೊಗ್ರಾಫರ್ ಡಿಸ್ಕನ್ನ ಎಸೀದೆ ಇಟ್ಕೊಂಡಿದ್ರೆ, ತಗೊಂಡು ಬರ್ಲಿ. ಎರಡನೇ ಮಹಡಿ, ಹಿಂದಿನ ಕೋಣೆ. ಬೆಳಿಗ್ಗೆ ಆರಕ್ಕೆಲ್ಲ ಇರ್ತೀನಿ.”