ಹುರುಳಿಕಾಯಿಗೆ ಅಭಿಷೇಕ

ಹಳೇಬೀಡಿನ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಪಾಠ ಮಾಡಿ ನಿವೃತ್ತನಾದ ಮೇಲೆ ಬಸ್ತಿಹಳ್ಳಿಯ ಮನೆಯ ಹಿತ್ತಲಲ್ಲಿ ಹುರುಳಿಕಾಯಿ ಹಾಕಿದೆ. ಎಳೆಯ ಎಲೆಗಳು ಹಳದಿಗೆ ತಿರುಗಿದವು, ನರಗಳು ಮಾತ್ರ ಹಸಿರು. ಕಬ್ಬಿಣದ ಕೊರತೆ ಎಂದು ನೋಡಿದ ಕೂಡಲೇ ಹೇಳಿದೆ. ಕೇಳಲು ಹೆಂಡತಿ ಒಬ್ಬಳೇ ಇದ್ದಳು. ಗೋಡೆಗೆ ಬಳಿದು ಉಳಿದ ಸುಣ್ಣವನ್ನೆಲ್ಲ ಅಲ್ಲೇ ಸುರಿದವನೂ ನಾನೇ. ಸುಣ್ಣ ಹೆಚ್ಚಾದರೆ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ, ಎಲೆಗೇ ಉಣಿಸಬೇಕು ಎಂದು ಅವಳಿಗೆ ಒಂದು ಪೀರಿಯಡ್ಡಿನಷ್ಟು ವಿವರಿಸಿದೆ.

ಗೊಬ್ಬರದ ಅಂಗಡಿಯಿಂದ ಕಬ್ಬಿಣ ಬೆರೆತ ಲಘು ಪೋಷಕಾಂಶದ ಪುಡಿ ತಂದು, ನೀರಿಗೆ ಕಲಸಿ, ಪಂಪಿಗೆ ತುಂಬಿ, ಮಟಮಟ ಮಧ್ಯಾಹ್ನ ಸಿಂಪಡಿಸಿದೆ. ನಮ್ಮದು ದೇವಸ್ಥಾನದ ಪೂಜೆಯ ಮನೆತನ. ನೀರು ಹಿಡಿದರೆ ಕೈ ತಾನಾಗಿ ನೆತ್ತಿಯ ಮೇಲಕ್ಕೆ ಹೋಗುತ್ತದೆ. ವಾರಕ್ಕೊಮ್ಮೆಯಂತೆ ಮೂರು ವಾರ ಎಲೆಗಳ ನೆತ್ತಿಗೆ ಎರೆದೆ. ಎಲೆಗಳು ಹಳದಿಯಾಗಿಯೇ ಉಳಿದವು. ಎರೆದದ್ದನ್ನೆಲ್ಲ ಬಿಸಿಲು ಭಕ್ತಿಯಿಂದ ಸ್ವೀಕರಿಸಿತ್ತು.

ಬೇಲಿಯಾಚೆ ಟೊಮೇಟೊ ಬೆಳೆಯುವ ಹೆಂಗಸು ನನ್ನ ಹಳೆಯ ವಿದ್ಯಾರ್ಥಿನಿ. ಮೂರನೆಯ ವಾರ ಅವಳಿಗೆ ತಡೆಯಲಾಗಲಿಲ್ಲ.

"ಏನ್ ಮೇಷ್ಟ್ರೇ, ಅಭಿಷೇಕನಾ? ಬಿಸ್ಲು ಇಳೀಲಿ, ಆಮೇಲೆ ಕೆಳಗಿಂದ ಮೇಲಕ್ಕೆ ಹೊಡೀರಿ. ಎಲೆಗೆ ಬಾಯಿ ಜಾಸ್ತಿ ಇರೋದು ಅಡೀಲಿ."

"ಯಾರು ಹೇಳಿದ್ದು ನಿನಗೆ?" ಎಂದೆ, ತರಗತಿಯ ಗತ್ತಿನಲ್ಲೇ.

"ನೀವೇ. ಪತ್ರರಂಧ್ರ ಮೇಲ್ಗಡೆ ಜಾಸ್ತಿ ಅಂತ ಪರೀಕ್ಷೇಲಿ ಬರೆದಿದ್ದಕ್ಕೆ, ಸರಿ ಉತ್ತರಾನ ನೂರು ಸಲ ಬರ್ಸಿದ್ರಲ್ಲ. ನಂಗೆ ಇನ್ನೂ ನೆನಪೈತೆ."

ನಾನು ಪಂಪು ಕೆಳಗಿಟ್ಟೆ. ಅವಳು ಸಮಾಧಾನ ಹೇಳುವವಳಂತೆ ಸೇರಿಸಿದಳು:

"ನೀವೇನು ಬರೀಲಿಲ್ವಲ್ಲ, ಬಿಡಿ."