ಟ್ರಂಕಕ್ಕ ಮಾಡಿದ ನಲವತ್ತೊಂದು ಕರೆಗಳು

ನಮ್ಮ ಆಫೀಸಿನಲ್ಲಿ ಎಲ್ಲರೂ ಆಕೆಯನ್ನು ಟ್ರಂಕಕ್ಕ ಎಂದೇ ಕರೆಯುತ್ತಿದ್ದರು. ಪೆಟ್ಟಿಗೆಗೂ ಈಕೆಗೂ ಏನು ಸಂಬಂಧ ಎಂದು ಹೊಸಬರು ತಲೆ ಕೆರೆದುಕೊಳ್ಳುತ್ತಿದ್ದರು. ಪೆಟ್ಟಿಗೆಯಲ್ಲ, ಟ್ರಂಕ್ ಕಾಲ್. ಇಪ್ಪತ್ತಾರು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರಿಗೂ ಊರಿಗೂ ಮಾತು ಜೋಡಿಸಿದವರು ಅವರು. ಯಂತ್ರಗಳು ಬಂದು ಆ ಕೆಲಸವೇ ಇಲ್ಲವಾದಾಗ ನಮ್ಮ ಪುಟ್ಟ ಇಂಟರ್ನೆಟ್ ಕಂಪನಿ ಸೇರಿದರು. ಟೈರ್ ಅಂಗಡಿಯ ಮೇಲಿನ ಎರಡು ಕೋಣೆಗಳೇ ನಮ್ಮ ಕಂಪನಿ. ಗಿರಾಕಿಗಳ ದೂರು ಕೇಳುವುದು ಅವರ ಕೆಲಸ. ರೇಗಾಡಲೆಂದು ಫೋನ್ ಮಾಡಿದವರು ಐದು ನಿಮಿಷದಲ್ಲಿ ಅವರ ಹತ್ತಿರ ತಮ್ಮ ಮಂಡಿನೋವು ಹೇಳಿಕೊಳ್ಳುತ್ತಿದ್ದರು. ಅಲ್ಲಿದ್ದ ಒಬ್ಬನೇ ಇಂಜಿನಿಯರ್ ನಾನು. ನನ್ನನ್ನು ಅವರು 'ಇಂಜಿನಿಯರಪ್ಪ' ಎನ್ನುತ್ತಿದ್ದರು. ಅದರಲ್ಲಿ ಪ್ರೀತಿ ಎಷ್ಟು, ಕೀಟಲೆ ಎಷ್ಟು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಇಂಟರ್ನೆಟ್ಟಿಗೆ ಸೇರುವ ಯಂತ್ರಕ್ಕೆ ಒಂದು ಸಂಖ್ಯೆ ಬೇಕು, ಅದೇ ಅದರ ವಿಳಾಸ. ಹಳೆಯ ಪದ್ಧತಿಯಲ್ಲಿ ಇಂಥ ವಿಳಾಸಗಳು ಇಡೀ ಲೋಕಕ್ಕೆ ನಾನೂರು ಕೋಟಿಗಿಂತ ತುಸು ಹೆಚ್ಚು, ಅಷ್ಟೇ. ಅವುಗಳ ಉಸ್ತುವಾರಿಗೆ ಎಲ್ಲಕ್ಕೂ ಮೇಲೆ ಒಂದು ಸಂಸ್ಥೆಯಿದೆ. ಅದು ದೊಡ್ಡ ದೊಡ್ಡ ಕಂತೆಗಳನ್ನು ಲೋಕದ ಐದು ಪ್ರಾದೇಶಿಕ ಕಚೇರಿಗಳಿಗೆ ಕೊಡುತ್ತದೆ, ಅವು ನಮ್ಮಂಥ ಕಂಪನಿಗಳಿಗೆ ಹಂಚುತ್ತವೆ. ಕೆಲವನ್ನು ಯಾರಿಗೂ ಕೊಡದೆ ಕಾದಿರಿಸಿದ್ದಾರೆ: ಮನೆಯೊಳಗಿನ ಬಳಕೆಗೆ ಇಷ್ಟು, ಪುಸ್ತಕಗಳಲ್ಲಿ ಉದಾಹರಣೆ ಕೊಡುವುದಕ್ಕೆ ಇಷ್ಟು, ಮುಂದಕ್ಕೆ ಇರಲಿ ಎಂದು ಇಷ್ಟು.

ದಾಸ್ತಾನು ತಳ ಕಾಣುವ ಹೊತ್ತಿಗೆ, ಅಷ್ಟು ವರ್ಷ ಯಾರೂ ಮುಟ್ಟದೆ ಇಟ್ಟಿದ್ದ ಕಂತೆಯೊಂದನ್ನು ಬಿಚ್ಚಿದರು. ಅದರಲ್ಲಿ ಸಾವಿರದ ಇಪ್ಪತ್ತನಾಲ್ಕು ವಿಳಾಸ ನಮ್ಮ ಪಾಲಿಗೆ ಬಂತು. ಎಂಟು ತಿಂಗಳು ಅರ್ಜಿ ಹಿಡಿದು ಕಾದಿದ್ದೆ. ಮಂಜೂರಾದ ದಿನ ನಾನು ಕುಣಿಯುವುದೊಂದು ಬಾಕಿ.

ಕುಣಿತ ಒಂದೇ ವಾರದ್ದು. ಹೊಸ ವಿಳಾಸ ಪಡೆದ ಗಿರಾಕಿಗಳಿಗೆ ಅರ್ಧ ಇಂಟರ್ನೆಟ್ ತೆರೆಯುತ್ತಿತ್ತು, ಅರ್ಧ ಬಾಗಿಲು ಹಾಕಿಕೊಂಡು ಕೂತಿತ್ತು. ಬೈಗುಳವೆಲ್ಲ ಫೋನಿನಲ್ಲೇ ಬಂತು. ಮಾತಿಲ್ಲದೆ ಬಂದವರು ಇಬ್ಬರೇ, ಎದುರು ಬೀದಿಯಲ್ಲಿ ಗುಂಡಿ, ದಾರ, ಜಿಪ್ಪು ಮಾರುವ ಗಂಡಹೆಂಡತಿ.

ಇಬ್ಬರಿಗೂ ಹುಟ್ಟಿನಿಂದ ಕಿವಿ ಕೇಳದು. ಮಗಳಿಗೆ ಕೇಳುತ್ತದೆ. ಅವಳು ದೂರದ ಊರಿನಲ್ಲಿ ನರ್ಸಿಂಗ್ ಓದುತ್ತಿದ್ದಳು. ಕೈಯಲ್ಲಿ ಹಿಡಿಯುವ ಫೋನಿನಲ್ಲಿ ಮುಖ ಕಾಣುವ ಕಾಲ ಆಗಿನ್ನೂ ನಮ್ಮಲ್ಲಿಗೆ ಬಂದಿರಲಿಲ್ಲ. ಅಂಗಡಿಯ ಕಂಪ್ಯೂಟರಿನ ಮುಂದೆ ಕೂತು ದಿನಾ ಸಂಜೆ ಅಪ್ಪ ಅಮ್ಮ ಕೈಸನ್ನೆಯಲ್ಲಿ ಅವಳ ಜೊತೆ ಹರಟುತ್ತಿದ್ದರು. ಆ ವಿಡಿಯೋ ಸೇವೆಯೇ ಈಗ ತೆರೆಯುತ್ತಿರಲಿಲ್ಲ. ಹೆಂಡತಿ ಒಂದು ಚೀಟಿ ಮುಂದಿಟ್ಟರು: 'ಒಂಬತ್ತು ದಿನವಾಯಿತು. ಅವಳಿಗೆ ಜ್ವರ ಇತ್ತು. ಪರವಾಗಿಲ್ಲ ಎಂದು ಮೆಸೇಜು ಬರುತ್ತದೆ, ಹೇಗಿದ್ದಾಳೆ ಕಣ್ಣಾರೆ ನೋಡಬೇಕು.'

ಟ್ರಂಕಕ್ಕ ಆ ಚೀಟಿಯನ್ನು ಎರಡು ಸಲ ಓದಿದರು. ಗಂಡಹೆಂಡತಿ ಹೋದ ಮೇಲೆ ನನ್ನ ಕಡೆ ತಿರುಗಿದರು.

"ನೋಡು, ಊರಿನವರಿಗೆಲ್ಲ ಫೋನ್ ಜೋಡಿಸಿಕೊಟ್ಟೆ. ಇವರಿಬ್ಬರಿಗೆ ನನ್ನಿಂದ ಒಂದು ದಿನವೂ ಉಪಯೋಗ ಆಗಲಿಲ್ಲ. ಈಗ ಆಗೋ ಕಾಲದಲ್ಲಿ ಹೀಗಾಗಬಾರದು. ಏನಾಗಿದೆ, ನನಗೆ ಅರ್ಥ ಆಗೋ ಹಾಗೆ ಹೇಳು."

ಹೇಳಿದೆ. ವರ್ಷಗಳ ಹಿಂದೆ ಲೋಕದ ಎಷ್ಟೋ ಕಡೆ ನೆಟ್‌ವರ್ಕ್ ನೋಡಿಕೊಳ್ಳುವವರು ತಮ್ಮ ಬಾಗಿಲಲ್ಲಿ ಒಂದು ಪಟ್ಟಿ ಹಾಕಿಕೊಂಡಿದ್ದರು. ಇಂತಿಂಥ ವಿಳಾಸಗಳನ್ನು ಯಾರಿಗೂ ಕೊಟ್ಟಿಲ್ಲ, ಇವುಗಳ ಹೆಸರಿನಲ್ಲಿ ಬರುವವರು ಕಳ್ಳರು, ಒಳಗೆ ಬಿಡಬೇಡ ಎಂದು. ಆಗ ಅದು ಸರಿಯೇ ಇತ್ತು. ಈಗ ಆ ವಿಳಾಸಗಳು ನಮ್ಮವಾಗಿವೆ, ಪಟ್ಟಿ ಮಾತ್ರ ಹಳೆಯದೇ.

"ಕೊಟ್ಟವರನ್ನೇ ಕೇಳಬಹುದಲ್ಲ?"

"ಕೇಳಿದೆ ಅಕ್ಕ. 'ವಿಳಾಸ ನಿಮ್ಮದೇ, ದಾಖಲೆಯೂ ಸರಿಯಾಗಿದೆ. ಆದರೆ ಇನ್ನೊಬ್ಬರ ಬಾಗಿಲು ತೆಗೆಸೋ ಅಧಿಕಾರ ನಮಗಿಲ್ಲ' ಅಂದರು. ಒಬ್ಬೊಬ್ಬರಿಗೂ ನಾವೇ ಹೇಳಬೇಕು. ಇಮೇಲ್ ಹಾಕ್ತಾನೇ ಇದ್ದೀನಿ, ಒಬ್ಬರೂ ಉಸಿರೆತ್ತಿಲ್ಲ."

"ನಮ್ಮ ಬಾಗಿಲಲ್ಲೂ ಆ ಪಟ್ಟಿ ಇದೆಯೇನೋ?"

"ನಮ್ಮಲ್ಲಿ ಎಲ್ಲಿಂದ ಬರುತ್ತೆ ಅಕ್ಕ?" ಎಂದು ನಕ್ಕುಬಿಟ್ಟೆ.

"ನಗಬೇಡ, ನೋಡು."

ನೋಡಿದೆ. ಇತ್ತು! ನನಗಿಂತ ಮುಂಚೆ ಇದ್ದವರು ಹಾಕಿದ್ದ ಹಳೆಯ ಪಟ್ಟಿ, ನಾಲ್ಕು ವರ್ಷದಿಂದ ನನ್ನ ಕಣ್ಣೆದುರೇ ಇದ್ದದ್ದು. ಅದರಲ್ಲಿದ್ದ ಎಷ್ಟೋ ವಿಳಾಸಗಳು ಆಗಲೇ ಬೇರೆ ಬೇರೆ ದೇಶಗಳ ಪಾಲಾಗಿದ್ದವು. ಅಲ್ಲಿನ ಯಾವ ಗುಂಡಿ ಅಂಗಡಿಯವರನ್ನು ನಾನು ಹೊರಗೆ ನಿಲ್ಲಿಸಿದ್ದೆನೋ! ಕಿವಿ ಕೆಂಪಾಯಿತು. ಪಟ್ಟಿಯನ್ನು ಅಳಿಸಿಹಾಕಿದೆ. ಟ್ರಂಕಕ್ಕ ನನ್ನನ್ನು ಹಂಗಿಸಲಿಲ್ಲ, ಅದೇ ಅವರ ದೊಡ್ಡತನ. ಕುರ್ಚಿ ಎಳೆದುಕೊಂಡು, "ಆ ಕಂಪನಿಗಳ ಫೋನ್ ನಂಬರು ಎಲ್ಲಾದರೂ ಸಿಗುತ್ತಾ?" ಎಂದರು.

ಸಿಗುತ್ತಿತ್ತು. ಯಾವ ವಿಳಾಸ ಯಾರದು, ತೊಂದರೆಯಾದರೆ ಯಾರನ್ನು ಕೇಳಬೇಕು ಎಂಬುದನ್ನು ಆ ಪ್ರಾದೇಶಿಕ ಕಚೇರಿಗಳು ಯಾರು ಬೇಕಾದರೂ ನೋಡುವ ಹಾಗೆ ಬರೆದಿಟ್ಟಿರುತ್ತವೆ. ನಾನು ಪಟ್ಟಿ ಮಾಡಿಕೊಟ್ಟೆ. ಮಾರನೆಯ ದಿನದಿಂದ ಅವರ ಕರೆಗಳು ಶುರುವಾದವು. ಪೂರ್ವದ ದೇಶಗಳಿಗೆ ಬೆಳಿಗ್ಗೆ ಬೇಗ ಬಂದು, ಪಶ್ಚಿಮದವರಿಗೆ ಸಂಜೆ ನಿಂತು. ಎಕ್ಸ್‌ಚೇಂಜಿನಲ್ಲಿ ಕಲಿತ ಇಂಗ್ಲಿಷ್ ಅವರದು, ನಾಲ್ಕೇ ಮಾತಿನದು. ಆದರೆ ಆ ನಾಲ್ಕು ಮಾತನ್ನು ಯಾರ ಮುಂದೆ ಹೇಗಿಡಬೇಕೆಂದು ಗೊತ್ತಿತ್ತು. ಯಾರಿಗೂ 'ನಿಮ್ಮದು ತಪ್ಪು' ಎನ್ನಲಿಲ್ಲ. "ನಮ್ಮಲ್ಲೂ ಆ ಹಳೇ ಪಟ್ಟಿ ಇತ್ತು ಸ್ವಾಮಿ, ಮೊನ್ನೆ ತಾನೇ ತೆಗೆದೆವು. ನಿಮ್ಮಲ್ಲೂ ಇದೆಯಾ ಒಂಚೂರು ನೋಡ್ತೀರಾ?" ಎಂಬ ಅರ್ಥ ಬರುವ ಹಾಗೆ ಶುರುಮಾಡುತ್ತಿದ್ದರು. ನನ್ನ ಮರ್ಯಾದೆ ಹೀಗೆ ಐದು ಖಂಡಗಳಲ್ಲಿ ಹರಾಜಾಯಿತು. ಆದರೂ ಕೆಲಸ ಆಗುತ್ತಿತ್ತು.

ಕೆಲವರು ಫೋನ್ ಇಟ್ಟುಬಿಟ್ಟರು. ಒಬ್ಬರು ಇವರನ್ನು ಏನೋ ಮಾರಲು ಬಂದವರೆಂದು ತಿಳಿದು, "ನಮಗೇನೂ ಬೇಡ" ಎಂದರು. "ನನಗೂ ಮಾರೋಕೆ ಬರಲ್ಲ, ಹೆದರಬೇಡಿ" ಎಂದರು ಟ್ರಂಕಕ್ಕ. ಒಬ್ಬ ವಯಸ್ಸಾದ ಮನುಷ್ಯ ಪೂರ್ತಿ ಕೇಳಿ ಜೋರಾಗಿ ನಕ್ಕರಂತೆ. ಹನ್ನೊಂದು ವರ್ಷದ ಹಿಂದೆ ತಮ್ಮ ಪಟ್ಟಿಯಲ್ಲಿ ಆ ಸಾಲು ಬರೆದವರು ತಾವೇ ಎಂದು ಒಪ್ಪಿಕೊಂಡು, ಫೋನ್ ಇಡಬೇಡಿ ಎಂದು ಹೇಳಿ, ಇವರು ಕಾಯುತ್ತಿರುವಾಗಲೇ ಅದನ್ನು ತೆಗೆದುಹಾಕಿದರು. ಇತ್ತ ನನ್ನ ಪರದೆಯ ಮೇಲೆ ಅಷ್ಟು ದಿನ ಮೊಂಡುಹಿಡಿದಿದ್ದ ಪುಟವೊಂದು ತಟ್ಟನೆ ತೆರೆದುಕೊಂಡಿತು. ನಾನು ಕೂಗಿದ ಕೂಗಿಗೆ ಕೆಳಗಿನ ಟೈರ್ ಅಂಗಡಿಯವರು ಏನಾಯಿತೋ ಎಂದು ಮೆಟ್ಟಿಲು ಹತ್ತಿ ಬಂದರು.

ಇಪ್ಪತ್ತೆಂಟನೆಯ ಕರೆಗೆ ಸಿಕ್ಕಿದ್ದು ಒಂದು ವಿಶ್ವವಿದ್ಯಾಲಯದ ನೆಟ್‌ವರ್ಕ್ ನೋಡಿಕೊಳ್ಳುವ ಹೆಂಗಸು. ಟ್ರಂಕಕ್ಕ ಆಕೆಗೆ ಗುಂಡಿ ಅಂಗಡಿಯವರ ಕಥೆ ಹೇಳಿದರು. ಅದನ್ನು ಕೇಳಿ ಆಕೆ, "ನಮ್ಮ ಕಸುಬಿನವರದೇ ಒಂದು ಇಮೇಲ್ ಬಳಗ ಇದೆ. ಎಲ್ಲರೂ ಓದೋ ಹಾಗೆ ನಾನು ಅಲ್ಲಿ ಬರೀತೀನಿ" ಎಂದರಂತೆ. ಬರೆದರು. ಮುಂದಿನ ನಾಲ್ಕು ದಿನಗಳಲ್ಲಿ ನಾವು ಹೆಸರೂ ಕೇಳದ ಊರುಗಳಿಂದ 'ನಮ್ಮಲ್ಲಿ ತೆಗೆದಿದ್ದೇವೆ' ಎಂಬ ಪುಟ್ಟ ಪುಟ್ಟ ಉತ್ತರಗಳು ಬಂದವು. ಕೆಲವರು ಕ್ಷಮೆಯನ್ನೂ ಕೇಳಿದ್ದರು.

ಉಳಿದದ್ದು ಆ ವಿಡಿಯೋ ಸೇವೆಯವರು. ಅಲ್ಲಿ ಮನುಷ್ಯರ ದನಿ ಸಿಗುವುದೇ ಕಷ್ಟ. ನಲವತ್ತೊಂದನೆಯ ಕರೆಗೆ ಒಬ್ಬ ಹುಡುಗಿ ಸಿಕ್ಕಳು, ಸರಿಯಾದವರಿಗೆ ತಲುಪಿಸುತ್ತೇನೆ ಎಂದಳು. ನನಗೆ ನಂಬಿಕೆ ಇರಲಿಲ್ಲ. ಎರಡನೆಯ ದಿನ ಮಧ್ಯಾಹ್ನ ಗುಂಡಿ ಅಂಗಡಿಯ ಯಜಮಾನರು ಓಡೋಡಿ ಬಂದು ಟ್ರಂಕಕ್ಕನ ಕೈ ಹಿಡಿದು ಎಳೆದುಕೊಂಡೇ ಹೋದರು. ಹಿಂದಿನಿಂದ ನಾನೂ ಹೋದೆ.

ಗುಂಡಿ ಡಬ್ಬಿಗಳ ನಡುವಿನ ಪರದೆಯಲ್ಲಿ ಮಗಳ ಮುಖ. ಸ್ವಲ್ಪ ಇಳಿದಿತ್ತು, ಆದರೆ ಜ್ವರ ಬಿಟ್ಟಿತ್ತು. ಅಮ್ಮನ ಎರಡು ಕೈಗಳೂ ಬಿಡುವಿಲ್ಲದೆ ಆಡುತ್ತಿದ್ದವು, ಇಷ್ಟು ದಿನದ ಬಾಕಿ ಮಾತೆಲ್ಲ ಒಟ್ಟಿಗೆ. ಮಗಳು ಉತ್ತರ ಕೊಡುವಷ್ಟರಲ್ಲಿ ಇನ್ನೊಂದು ಪ್ರಶ್ನೆ. ಟ್ರಂಕಕ್ಕನನ್ನು ಕಂಡು ಅವಳು ಬಾಯಿಬಿಟ್ಟು ಮಾತಾಡಿದಳು.

"ಆಂಟಿ, ಅಮ್ಮ ಕೇಳ್ತಿದ್ದಾಳೆ, ನಿಮಗೆ ಹೇಗೆ ಥ್ಯಾಂಕ್ಸ್ ಹೇಳೋದು ಅಂತ."

"ನನಗೆ ಯಾಕಮ್ಮ? ಮೊದಲು ಹೊಟ್ಟೆ ತುಂಬ ಊಟ ಮಾಡು. ಮುಖ ಹೇಗಾಗಿದೆ ನೋಡು!" ಎಂದರು ಟ್ರಂಕಕ್ಕ. ಆಫೀಸಿಗೆ ಮರಳುವಾಗ ಮೆಟ್ಟಿಲಲ್ಲಿ ನಿಂತು ಕಣ್ಣೊರೆಸಿಕೊಂಡರು. ನಾನು ಬೇರೆ ಕಡೆ ನೋಡುತ್ತಾ ಮೇಲೆ ಹೋದೆ.

ಆ ವಾರವಿಡೀ ಅವರು ಕೂತು, ಬಾಗಿಲು ತೆಗೆದ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಕೃತಜ್ಞತೆಯ ಕಾಗದ ಬರೆದರು. ಒಂದೇ ಬರೆದು ಎಲ್ಲರಿಗೂ ಕಳಿಸೋಣ ಎಂದ ನನಗೆ ಬೈಸಿಕೊಳ್ಳುವ ಭಾಗ್ಯವೂ ಸಿಕ್ಕಿತು.

ಎರಡು ವರ್ಷದ ಮೇಲೆ ಅವರು ಕೆಲಸ ಬಿಟ್ಟು ತಂಗಿಯ ಮನೆ ಸೇರಿದರು. ಕಳೆದ ತಿಂಗಳು ನೋಡಲು ಹೋಗಿದ್ದೆ. ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದರು. ನಾವೀಗ ಹೊಸ ಪದ್ಧತಿಯ ಉದ್ದನೆಯ ವಿಳಾಸಗಳಿಗೆ ಬದಲಾಗುತ್ತಿದ್ದೇವೆ, ಎಣಿಸಿ ಮುಗಿಯದಷ್ಟಿವೆ ಎಂದು ಹೇಳಿದೆ.

"ಅಷ್ಟನ್ನೂ ಹಂಚಿಬಿಟ್ಟರಾ?"

"ಇಲ್ಲ ಅಕ್ಕ. ಎಂಟರಲ್ಲಿ ಒಂದು ಪಾಲು ಮಾತ್ರ ಹಂಚೋಕೆ ಅಂತ ತೆಗೆದಿದ್ದಾರೆ. ಉಳಿದದ್ದರಲ್ಲಿ ಹೆಚ್ಚಿನದನ್ನ ಮುಂದಕ್ಕೆ ಅಂತ ಹಾಗೇ ಇಟ್ಟಿದ್ದಾರೆ."

ಅವರು ಒದ್ದೆ ಟವೆಲು ಕೊಡವಿ ಹಗ್ಗದ ಮೇಲೆ ಹಾಕಿದರು.

"ಯಾರೋ ಪುಣ್ಯಾತ್ಮರು. ಅವತ್ತೂ ಯಾರೋ ಹಾಗೆ ಉಳಿಸಿಟ್ಟಿದ್ದಕ್ಕೇ ಅಲ್ವಾ ನಮಗೊಂದಿಷ್ಟು ಸಿಕ್ಕಿದ್ದು? ಅವರು ಯಾರು ಅಂತ ಗೊತ್ತಿದ್ದರೆ ಅವರಿಗೂ ಒಂದು ಕಾಗದ ಬರೀಬಹುದಿತ್ತು," ಎಂದು ಕ್ಲಿಪ್ಪಿಗಾಗಿ ನನ್ನ ಕಡೆ ಕೈ ಚಾಚಿದರು.